ಬಿಲ್ಲು ತಲುಪಿತು ಎಂದು ಹೇಳಬೇಕಾದವರು ಯಾರು?

(ದಾವಣಗೆರೆಯಲ್ಲಿ ವರ್ತಕರು, ಲೆಕ್ಕ ಬರೆಯುವವರು ಮತ್ತು ವಾಣಿಜ್ಯ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚಳ್ಳಕೆರೆಯ ಎಣ್ಣೆ ಗಿರಣಿಯೊಂದು ಬೆಂಗಳೂರಿನ ಸಗಟು ಖರೀದಿದಾರರಿಗೆ ಒಂದು ಲಾರಿ ಶೇಂಗಾ ಎಣ್ಣೆ ಕಳುಹಿಸುತ್ತದೆ ಎಂದು ಇಟ್ಟುಕೊಳ್ಳಿ. ಗಿರಣಿಯ ಗುಮಾಸ್ತರು ಕಂಪ್ಯೂಟರಿನಲ್ಲಿ ಬಿಲ್ಲು ಮಾಡುತ್ತಾರೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ್ದರೆ ಆ ಬಿಲ್ಲಿನ ವಿವರ ಯಂತ್ರ ಓದಬಲ್ಲ, ಜೇಸನ್ ಎಂಬ ನಮೂನೆಯ ಕಡತವಾಗಿ, ಸರ್ಕಾರಕ್ಕಾಗಿ ಬಿಲ್ಲು ನೋಂದಾಯಿಸುವ ಇ-ಇನ್‌ವಾಯ್ಸ್ ಪೋರ್ಟಲಿಗೆ ಹೋಗುತ್ತದೆ. ಕೆಲವೇ ಕ್ಷಣಗಳಲ್ಲಿ 64 ಅಕ್ಷರಗಳ, ಬಿಲ್ಲಿನ ನೋಂದಣಿ ಗುರುತಾದ ಐಆರ್‌ಎನ್ ಸಂಖ್ಯೆಯೂ ಡಿಜಿಟಲ್ ಸಹಿ ಇರುವ ಕ್ಯೂಆರ್ ಕೋಡೂ ವಾಪಸ್ ಬರುತ್ತವೆ. ಇಷ್ಟರವರೆಗೆ ಯಾರೂ ಯಾವುದನ್ನೂ ಎರಡನೇ ಸಲ ಟೈಪ್ ಮಾಡಿಲ್ಲ. ಮುಂದಿನದನ್ನು ನೋಡಿ. ಅದೇ ಬಿಲ್ಲನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗೆ ಕಳುಹಿಸುತ್ತಾರೆ. ಅತ್ತ ಬೆಂಗಳೂರಿನಲ್ಲಿ ಇನ್ನೊಬ್ಬ ಗುಮಾಸ್ತರು ಅದನ್ನು ತೆರೆದು, ಕನ್ನಡಕ ಸರಿಮಾಡಿಕೊಂಡು, ಬಿಲ್ ನಂಬರು, ದಿನಾಂಕ, ಡಬ್ಬಿಗಳ ಲೆಕ್ಕ, ದರ, ತೆರಿಗೆ ಎಲ್ಲವನ್ನೂ ತಮ್ಮ ತಂತ್ರಾಂಶಕ್ಕೆ ಮತ್ತೆ ತುಂಬುತ್ತಾರೆ.

ತೆರಿಗೆ ಕೇಳುವ ಸರ್ಕಾರಕ್ಕೆ ಯಂತ್ರ ಓದಬಲ್ಲ ದಾಖಲೆ, ದುಡ್ಡು ಕೊಡಬೇಕಾದ ಗಿರಾಕಿಗೆ ಬರೀ ಚಿತ್ರ! (ಮಂಡಿಪೇಟೆಯ ಗೆಳೆಯರು ನಗುತ್ತಿದ್ದೀರಿ, ಗೊತ್ತು. ಪೊಟ್ಟಣ ಕಟ್ಟಿ ಲೇಬಲ್ ಹಚ್ಚದ ಮೆಕ್ಕೆಜೋಳಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಇ-ಇನ್‌ವಾಯ್ಸ್ ತಾಪತ್ರಯವೂ ನಿಮಗಿಲ್ಲ. ಆದರೆ ಈ ಮಾತು ನಿಮಗೂ ಬೇಕಾಗುತ್ತದೆ, ಸ್ವಲ್ಪ ತಡೆಯಿರಿ.)

ಸರ್ಕಾರಕ್ಕೆ ದಾಖಲೆ ಒಪ್ಪಿಸುವುದರಲ್ಲಿ ನಾವೇನೂ ಹಿಂದುಳಿದವರಲ್ಲ. ವ್ಯಾಟ್ ಕಾಲದಲ್ಲೇ ಸರಕಿನ ವಿವರ ತೆರಿಗೆ ಇಲಾಖೆಗೆ ಮೊದಲೇ ಕೊಟ್ಟು ಇ-ಸುಗಮ್ ಸಂಖ್ಯೆ ಪಡೆದು ಲಾರಿ ಹೊರಡಿಸಿದವರು ನಾವು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಂದ ಆರಂಭವಾದ ಇ-ಇನ್‌ವಾಯ್ಸ್ 2023ರ ಆಗಸ್ಟ್ ಹೊತ್ತಿಗೆ 5 ಕೋಟಿಯವರ ಬಾಗಿಲಿಗೆ ಬಂದಿತು. ಆದರೂ ವರ್ತಕನಿಂದ ವರ್ತಕನಿಗೆ ಹೋಗುವ ದಾಖಲೆ ಇನ್ನೂ ಕಾಗದದ ಕಾಲದಲ್ಲೇ ಇದೆ. ಪೋರ್ಟಲ್ ಬಿಲ್ಲನ್ನು ನೋಂದಾಯಿಸುತ್ತದೆಯೇ ಹೊರತು ಗಿರಾಕಿಯ ಲೆಕ್ಕದ ಪುಸ್ತಕದೊಳಕ್ಕೆ ಇಳಿಸುವುದಿಲ್ಲ. ಆ ಕೆಲಸಕ್ಕೆ ಬೇರೆ ಜಾಲಗಳಿವೆ. ತೊಡಕು ಏನೆಂದರೆ, ಮಾರುವವನು ಒಂದು ಜಾಲದಲ್ಲಿರುತ್ತಾನೆ, ಕೊಳ್ಳುವವನು ಇನ್ನೊಂದರಲ್ಲಿ.

ಇವತ್ತು ನಾನು ಹೇಳಬೇಕಾದದ್ದು ಒಂದೇ. ಎರಡು ಜಾಲಗಳ ನಡುವೆ ಬಿಲ್ಲು ಕಳೆದುಹೋಗುವುದು ಅಪರೂಪ, ಕಳೆದುಹೋಗುವುದು ಹೊಣೆ. ತಂತ್ರಾಂಶ ಮಾರಲು ಬರುವವರು ಕಡತದ ನಮೂನೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನಮೂನೆ ದೊಡ್ಡ ಸಂಗತಿಯಲ್ಲ. ಲಕೋಟೆಯ ಮೇಲೆ ವಿಳಾಸ ಹೇಗೆ ಬರೆದಿದೆ, ತಲುಪಿತು ಎಂದು ಯಾರು ಸಹಿ ಹಾಕುತ್ತಾರೆ, ಯಾವ ಗಳಿಗೆಯಿಂದ ಅದು ಗಿರಾಕಿಯ ತಲೆನೋವಾಗುತ್ತದೆ, ಇವನ್ನು ಕೇಳಿ ನೋಡಿ. ಅವರ ಮಾತು ನಿಧಾನವಾಗುತ್ತದೆ.

ಸ್ವಲ್ಪ ಇತಿಹಾಸ. 1948ರಲ್ಲಿ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಜಲಮಾರ್ಗಗಳನ್ನು ಮುಚ್ಚಿದಾಗ ಆ ನಗರಕ್ಕೆ ಹಿಟ್ಟು, ಕಲ್ಲಿದ್ದಲು ಎಲ್ಲವೂ ವಿಮಾನದಲ್ಲೇ ಹೋಗಬೇಕಾಯಿತು. ವಿಮಾನದಲ್ಲಿ ಏನಿದೆ ಎಂಬ ಪಟ್ಟಿ ಒಂದೊಂದು ಕಡೆಯಿಂದ ಒಂದೊಂದು ರೂಪದಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಬರುತ್ತಿತ್ತು. ಅಮೆರಿಕದ ಸೇನೆಯ ಎಡ್ವರ್ಡ್ ಗಿಲ್ಬರ್ಟ್ ಮತ್ತು ಅವರ ಜೊತೆಗಾರರು ಟೆಲೆಕ್ಸ್, ರೇಡಿಯೊ ಟೆಲಿಟೈಪ್, ಫೋನು ಯಾವುದರಲ್ಲಿ ಕಳುಹಿಸಿದರೂ ಅರ್ಥ ಕೆಡದ ಒಂದೇ ಪಟ್ಟಿಯ ನಮೂನೆ ರೂಪಿಸಿದರು. ಇಡಿಐ ಎಂದು ಇವತ್ತು ಕರೆಯುವ ವಿದ್ಯುನ್ಮಾನ ದಾಖಲೆ ವಿನಿಮಯದ ಮೂಲವನ್ನು ಅಲ್ಲಿ ಗುರುತಿಸುತ್ತಾರೆ. ಅಮೆರಿಕದಲ್ಲಿ 1979ರಲ್ಲಿ ಎಕ್ಸ್12 ಎಂಬ ಮಾನಕದ ಸಮಿತಿ ಹುಟ್ಟಿತು. 1987ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಎಡಿಫ್ಯಾಕ್ಟ್ ಬಂದಿತು. ಆರ್ಡರ್, ಬಿಲ್ಲು, ಸರಕು ಹೊರಟಿದೆ ಎಂಬ ಮುನ್ಸೂಚನೆ, ಪ್ರತಿಯೊಂದಕ್ಕೂ ನಿಗದಿತ ರೂಪ. ಎಕ್ಸ್12ರಲ್ಲಿ 850 ಎಂದರೆ ಖರೀದಿ ಆರ್ಡರ್, 810 ಎಂದರೆ ಬಿಲ್ಲು.

ಬರೆಯುವ ರೂಪವೇನೋ ಸಿಕ್ಕಿತು. ಒಯ್ಯುವವರು ಯಾರು? ಇಂಟರ್ನೆಟ್ ಜನರ ಕೈಗೆ ಬರುವ ಮೊದಲು ಮೌಲ್ಯವರ್ಧಿತ ಜಾಲಗಳೆಂಬ ಕಂಪನಿಗಳು ಈ ಕೆಲಸ ಹಿಡಿದವು. ಜನರಲ್ ಎಲೆಕ್ಟ್ರಿಕ್ ಮತ್ತು ಐಬಿಎಂಗೆ ಇಂಥ ಜಾಲಗಳಿದ್ದವು. ಪ್ರತಿ ಗ್ರಾಹಕ ಕಂಪನಿಗೆ ಒಂದು ವಿದ್ಯುನ್ಮಾನ ಪೆಟ್ಟಿಗೆ. ಕಳುಹಿಸುವವನು ದಾಖಲೆ ಹಾಕುತ್ತಾನೆ, ಪಡೆಯುವವನು ತನಗೆ ಅನುಕೂಲವಾದಾಗ ತೆಗೆಯುತ್ತಾನೆ. ದಾಖಲೆಯಲ್ಲಿ ಎಷ್ಟು ಸಾವಿರ ಅಕ್ಷರಗಳಿವೆ ಎಂದು ಎಣಿಸಿ ಬಾಡಿಗೆ. ಇಬ್ಬರೂ ಒಂದೇ ಜಾಲದಲ್ಲಿದ್ದರೆ ತಕರಾರಿಲ್ಲ. ಬೇರೆ ಬೇರೆ ಜಾಲಗಳಾದರೆ ಒಂದು ಜಾಲ ಇನ್ನೊಂದಕ್ಕೆ ದಾಖಲೆಯನ್ನು ದಾಟಿಸಬೇಕು.

ದಾವಣಗೆರೆಯಿಂದ ಲುಧಿಯಾನಕ್ಕೆ ಪಾರ್ಸೆಲ್ ಬುಕ್ ಮಾಡಿದವರಿಗೆ ಇದರ ಸಂಕಟ ತಿಳಿದಿರುತ್ತದೆ. ಪಿ.ಬಿ. ರಸ್ತೆಯ ಟ್ರಾನ್ಸ್‌ಪೋರ್ಟ್‌ನವರು ಪುಣೆಯವರೆಗೆ ಒಯ್ದು ಅಲ್ಲಿ ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ನಿಮ್ಮ ಕೈಯಲ್ಲಿರುವ ಬಿಲ್ಟಿಯ, ಅಂದರೆ ಸಾಗಣೆ ಚೀಟಿಯ, ನಂಬರು ಅವರಲ್ಲಿ ನಡೆಯುವುದಿಲ್ಲ, ಅವರದೇ ಹೊಸ ನಂಬರು. ಸರಕು ಕಾಣದಾದರೆ ಇವರು ‘ನಾವು ಒಪ್ಪಿಸಿದ್ದೇವೆ’ ಎನ್ನುತ್ತಾರೆ, ಅವರು ‘ನಮಗೆ ಬಂದೇ ಇಲ್ಲ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. ಇಬ್ಬರೂ ತಮ್ಮ ತಮ್ಮ ಪುಸ್ತಕ ನೋಡಿ ಸತ್ಯವನ್ನೇ ಹೇಳುತ್ತಿರಬಹುದು. ಜಾಲಗಳ ನಡುವೆ ನಡೆಯುತ್ತಿದ್ದದ್ದೂ ಇದೇ. ಕಳುಹಿಸಿದವನ ಜಾಲ ‘ಆಚೆ ಜಾಲಕ್ಕೆ ದಾಟಿಸಲಾಗಿದೆ’ ಎಂದು ತೋರಿಸುತ್ತಿತ್ತು. ಅದರಾಚೆಗೆ ಕತ್ತಲೆ.

ಈಗ ಲಕೋಟೆಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಜಗಳಗಳು ಹುಟ್ಟುವುದು ಇಲ್ಲೇ. ಎಕ್ಸ್12 ದಾಖಲೆಯ ಲಕೋಟೆ ಎಂದರೆ ಅದರ ಮೊದಲ ಸಾಲು, ಅದಕ್ಕೆ ಐಎಸ್ಎ ಎಂದು ಹೆಸರು. ಅದರ ಉದ್ದ ಯಾವಾಗಲೂ 106 ಅಕ್ಷರ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅದರಲ್ಲಿ ಕಳುಹಿಸುವವರ ಗುರುತಿಗೆ 15 ಅಕ್ಷರಗಳ ಜಾಗ, ಪಡೆಯುವವರಿಗೂ 15. ಗುರುತು ಚಿಕ್ಕದಾಗಿದ್ದರೆ ಉಳಿದ ಜಾಗದಲ್ಲಿ ಖಾಲಿ ಅಕ್ಷರ ತುಂಬಬೇಕು. ಒಂದು ಜಾಲದ ತಂತ್ರಾಂಶ ಆ ಖಾಲಿ ಅಕ್ಷರಗಳನ್ನು ಗುರುತಿನ ಭಾಗವೆಂದು ಇಟ್ಟುಕೊಂಡು, ಇನ್ನೊಂದು ಕತ್ತರಿಸಿ ಹೋಲಿಸಿದರೆ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ವಿಳಾಸಗಳು ಯಂತ್ರಕ್ಕೆ ಬೇರೆ ಬೇರೆ. ಆರ್ಡರ್ ‘ವಿಳಾಸದಾರ ಇಲ್ಲ’ ಎಂಬ ಮೂಲೆಯಲ್ಲಿ ಬಿದ್ದಿರುತ್ತದೆ, ಗಿರಣಿಯವನು ಆರ್ಡರ್ ಬಂದಿಲ್ಲವೆಂದು ಸುಮ್ಮನಿರುತ್ತಾನೆ, ಗಿರಾಕಿ ಸರಕು ಬಂದಿಲ್ಲವೆಂದು ಕೂಗಾಡುತ್ತಾನೆ. ಪರದೆಯ ಮೇಲೆ ಕಾಣದ ಒಂದು ಖಾಲಿ ಜಾಗಕ್ಕೆ ಇಷ್ಟೆಲ್ಲ.

ಆ 15 ಅಕ್ಷರಗಳಿಗೆ ಮುಂಚೆ ಎರಡು ಅಕ್ಷರಗಳ ಸಂಕೇತವೊಂದಿರುತ್ತದೆ. ಈ ಗುರುತು ಯಾವ ಬಗೆಯದು ಎಂದು ಅದು ಹೇಳುತ್ತದೆ. 01 ಎಂದರೆ ಕಂಪನಿಗಳನ್ನು ಗುರುತಿಸುವ ಡನ್ಸ್ ಸಂಖ್ಯೆ, 12 ಎಂದರೆ ಫೋನ್ ನಂಬರು. ಹೆಚ್ಚಾಗಿ ಕಾಣುವ ಝಡ್‌ಝಡ್ ಎಂಬುದರ ಅರ್ಥ ‘ನಾವು ನಾವೇ ಮಾತಾಡಿಕೊಂಡಿದ್ದೇವೆ’. ಮಾತಾಡಿಕೊಂಡವರು ಇಬ್ಬರೇ ಇದ್ದಾಗ ಪರವಾಗಿಲ್ಲ. ಒಂದು ಜಾಲದಲ್ಲಿ ಯಾರೋ ಝಡ್‌ಝಡ್ ಅಡಿಯಲ್ಲಿ ‘ಗಣೇಶ್ ಟ್ರೇಡರ್ಸ್’ ಎಂದು ಬರೆದುಕೊಂಡಿದ್ದಾರೆ ಎನ್ನಿ. ಇನ್ನೊಂದು ಜಾಲದಲ್ಲೂ ಬೇರೊಬ್ಬರು ಅದೇ ಹೆಸರು ಬರೆದುಕೊಂಡಿದ್ದರೆ, ಎರಡು ಜಾಲಗಳು ಕೂಡಿದ ದಿನ ಯಾರ ಆರ್ಡರ್ ಯಾರಿಗೆ ಹೋಗಬೇಕು? ನಮ್ಮ ನಾಡಿನಲ್ಲಿ ಆ ಹೆಸರಿನ ಅಂಗಡಿಗಳು ಎಷ್ಟಿವೆ ಎಂದು ಎಣಿಸುವ ಗೋಜಿಗೆ ನಾನು ಹೋಗುವುದಿಲ್ಲ.

ಈ ವಿಚಾರದಲ್ಲಿ ನಮ್ಮ ಕೈಯಲ್ಲೊಂದು ಒಳ್ಳೆಯ ಆಸ್ತಿ ಇದೆ. ಜಿಎಸ್‌ಟಿ ಸಂಖ್ಯೆಯೂ ಸರಿಯಾಗಿ 15 ಅಕ್ಷರ. ಮೊದಲ ಎರಡು ರಾಜ್ಯದ ಸಂಖ್ಯೆ, ನಮ್ಮದು 29. ಮುಂದಿನ ಹತ್ತು ಪ್ಯಾನ್. ಕೊನೆಯ ಅಕ್ಷರ ಉಳಿದವು ಸರಿಯಿವೆಯೇ ಎಂದು ತಾಳೆ ನೋಡಲು. ಇದನ್ನೇ ವಿಳಾಸವಾಗಿ ಬಳಸಬಹುದಲ್ಲವೇ ಎಂದರೆ, ಬಹುಮಟ್ಟಿಗೆ ಹೌದು. ಆದರೆ ಒಂದು ಕಂಪನಿಗೆ ರಾಜ್ಯಕ್ಕೊಂದು ಸಂಖ್ಯೆ ಇರುತ್ತದೆ, ಒಂದೇ ಸಂಖ್ಯೆಯ ಕೆಳಗೆ ಹತ್ತು ಗೋದಾಮುಗಳೂ ಇರುತ್ತವೆ. ತೆರಿಗೆ ಕಟ್ಟುವವರ ಗುರುತು, ಬಿಲ್ಲು ಸ್ವೀಕರಿಸುವ ಮೇಜಿನ ಗುರುತು ಎರಡೂ ಒಂದೇ ಅಲ್ಲ.

ವಿಳಾಸದ ಗೊಂದಲವನ್ನು ಅಚ್ಚುಕಟ್ಟಾಗಿ ಬಿಡಿಸಿದವರು ಯುರೋಪಿನವರು. 2008ರಲ್ಲಿ ಸರ್ಕಾರಿ ಖರೀದಿಗೆಂದು ಆರಂಭವಾದ ಪೆಪೋಲ್ ಯೋಜನೆ 2012ರಲ್ಲಿ ಬ್ರಸೆಲ್ಸ್‌ನಲ್ಲಿ ಓಪನ್‌ಪೆಪೋಲ್ ಎಂಬ ಸಂಘವಾಯಿತು. ಅದರ ಚೌಕಟ್ಟಿಗೆ ನಾಲ್ಕು ಮೂಲೆಯ ಮಾದರಿ ಎನ್ನುತ್ತಾರೆ. ಮಾರುವವನು, ಅವನ ದಾಖಲೆ ಒಯ್ಯುವ ಸೇವಾದಾರ, ಕೊಳ್ಳುವವನ ಸೇವಾದಾರ, ಕೊಳ್ಳುವವನು. ನಡುವೆ ಎಲ್ಲವನ್ನೂ ನುಂಗಿ ಕೂರುವ ಕೇಂದ್ರ ಯಂತ್ರ ಇಲ್ಲ. ಪ್ರತಿಯೊಬ್ಬರ ಗುರುತಿನ ಮೊದಲಿಗೆ ಅದು ಯಾವ ದೇಶದ ಯಾವ ದಾಖಲೆ ಪುಸ್ತಕದ್ದು ಎಂಬ ನಾಲ್ಕು ಅಂಕಿ ಇರುತ್ತದೆ. 0195 ಎಂದರೆ ಸಿಂಗಪುರದ ಸಂಸ್ಥೆ, 0208 ಎಂದರೆ ಬೆಲ್ಜಿಯಂನದು. ಝಡ್‌ಝಡ್‌ಗೆ ಅಲ್ಲಿ ಜಾಗವಿಲ್ಲ. ಬಿಲ್ಲು ಕಳುಹಿಸುವ ಸೇವಾದಾರ ಆ ಗುರುತು ಹಿಡಿದು ಇಂಟರ್ನೆಟ್ಟಿನ ಹೆಸರು ಹುಡುಕುವ ವ್ಯವಸ್ಥೆಯಲ್ಲೇ ವಿಚಾರಿಸುತ್ತಾನೆ. ಈ ಗಿರಾಕಿಯ ಸೇವಾದಾರ ಯಾರು, ಅವನು ಯಾವ ಯಾವ ದಾಖಲೆ ಸ್ವೀಕರಿಸುತ್ತಾನೆ, ಅವನ ಪ್ರಮಾಣಪತ್ರ ಯಾವುದು, ಎಲ್ಲ ಉತ್ತರ ಸಿಕ್ಕಿದ ಮೇಲೆ ನೇರವಾಗಿ ಅಲ್ಲಿಗೆ ಕಳುಹಿಸುತ್ತಾನೆ. ಗಿರಾಕಿ ಸೇವಾದಾರನನ್ನು ಬದಲಿಸಿದರೆ ಪಟ್ಟಿಯಲ್ಲಿ ಒಂದು ಸಾಲು ಬದಲಾಗುತ್ತದೆ, ಅವನಿಗೆ ಬಿಲ್ಲು ಕಳುಹಿಸುವ ಯಾರಿಗೂ ಹೇಳಬೇಕಾಗಿಲ್ಲ. ಬೆಲ್ಜಿಯಂನಲ್ಲಿ 2026ರ ಜನವರಿ 1ರಿಂದ ದೇಶದೊಳಗಿನ ಕಂಪನಿಗಳ ನಡುವಿನ ಬಿಲ್ಲುಗಳು, ಇಬ್ಬರೂ ಬೇರೆ ದಾರಿ ಒಪ್ಪಿಕೊಂಡಿರದಿದ್ದರೆ, ಹೀಗೇ ಹೋಗಬೇಕೆಂಬ ಕಾನೂನು ಬಂದಿದೆ.

ಈಗ ಹಣದ ವಿಚಾರ. ಸಭೆಯಲ್ಲಿ ವರ್ತಕರಿದ್ದಾರೆ, ಬಿಟ್ಟರೆ ಮುನಿಸಿಕೊಳ್ಳುತ್ತೀರಿ. ಒಂದು ಜಾಲ ಇನ್ನೊಂದಕ್ಕೆ ದಾಖಲೆ ದಾಟಿಸಿದರೆ ಯಾರು ಯಾರಿಗೆ ಕೊಡಬೇಕು? ಅಮೆರಿಕದಲ್ಲಿ ಇದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಲೋರೆನ್ ಡೇಟಾ ಎಂಬ ಸಣ್ಣ ಜಾಲ, ಜಿಎಕ್ಸ್ಎಸ್ ಎಂಬ ದೊಡ್ಡ ಜಾಲದ ಜೊತೆ ಸಮಾನರಂತೆ, ಯಾರೂ ಯಾರಿಗೂ ಹಣ ಕೊಡದೆ ಕೂಡಿಕೊಳ್ಳಲು ಬಯಸಿತು. ಜಿಎಕ್ಸ್ಎಸ್ ಎಂದರೆ ಹಿಂದೆ ಹೇಳಿದ ಜನರಲ್ ಎಲೆಕ್ಟ್ರಿಕ್ ಜಾಲದ ಮುಂದಿನ ಅವತಾರ. ಬೇಕಾದರೆ ನಮ್ಮ ಗ್ರಾಹಕರಾಗಿ ಬನ್ನಿ ಎಂಬುದು ಅದರ ನಿಲುವು. ಸಣ್ಣವರು ಏಕಸ್ವಾಮ್ಯ ವಿರೋಧಿ ಕಾನೂನಿನಡಿ ದಾವೆ ಹೂಡಿದರು, ದಾವೆ ವಜಾ ಆಯಿತು, 2012ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ನಿಂತಿತು. ಕಾನೂನಿನ ಕಣ್ಣಿನಲ್ಲಿ ಅದು ಸರಿಯೇ ಇರಬಹುದು. ಆದರೆ ಗಿರಣಿಯವನಿಗೆ ಇದರಿಂದ ತಿಳಿಯುವುದು ಏನೆಂದರೆ, ತನ್ನ ಜಾಲ ಆಚೆ ಜಾಲದ ಜೊತೆ ಮಾತು ಬಿಟ್ಟರೆ ತನ್ನ ಬಿಲ್ಲು ನಡುದಾರಿಯಲ್ಲಿ ನಿಲ್ಲುತ್ತದೆ, ಆ ಜಗಳದಲ್ಲಿ ತನಗೆ ಕುರ್ಚಿಯೂ ಇಲ್ಲ. ಪೆಪೋಲ್ ಈ ಬಾಗಿಲನ್ನು ಮೊದಲೇ ಮುಚ್ಚಿದೆ. ಸೇವಾದಾರರು ತಮ್ಮ ಗ್ರಾಹಕರಿಂದ ಏನಾದರೂ ವಸೂಲಿ ಮಾಡಲಿ, ಒಬ್ಬರಿಂದೊಬ್ಬರು ದಾಟಿಸುವ ಶುಲ್ಕ ಕೇಳುವಂತಿಲ್ಲ. ನನ್ನ ಮಟ್ಟಿಗೆ ಆ ಇಡೀ ವ್ಯವಸ್ಥೆಯ ಜಾಣತನ ಈ ಒಂದು ಷರತ್ತಿನಲ್ಲಿದೆ. ಉಳಿದದ್ದು ತಂತ್ರಜ್ಞಾನ, ಯಾರಾದರೂ ಮಾಡಿಯಾರು.

ರಸೀದಿಗೆ ಬರೋಣ. ‘ಬಂತು’ ಎಂಬುದರಲ್ಲಿ ಮೂರು ಬಗೆ ಇವೆ. ಕಡತ ಬಂತು ಎಂಬುದು ಒಂದು. ಅದನ್ನು ನಮ್ಮ ಯಂತ್ರ ಓದಿತು, ರಚನೆಯಲ್ಲಿ ದೋಷವಿಲ್ಲ ಎಂಬುದು ಇನ್ನೊಂದು. ಅದರಲ್ಲಿರುವುದಕ್ಕೆ ನಮ್ಮ ಒಪ್ಪಿಗೆ ಇದೆ ಎಂಬುದು ಮೂರನೆಯದು. ಇಂಟರ್ನೆಟ್ ಮೂಲಕ ನೇರವಾಗಿ ಕಳುಹಿಸುವ ಎಎಸ್2 ವಿಧಾನದಲ್ಲಿ ಮೊದಲನೆಯದಕ್ಕೆ ಡಿಜಿಟಲ್ ಸಹಿಯ ರಸೀದಿಯನ್ನೇ ಕೇಳಿ ಪಡೆಯಬಹುದು. ಪಡೆದವನ ಯಂತ್ರ ತನಗೆ ಬಂದ ಕಡತದ ಬೆರಳಚ್ಚು, ಅಂದರೆ ಅದರಲ್ಲಿರುವುದನ್ನು ಲೆಕ್ಕ ಹಾಕಿ ಪಡೆದ ಗುರುತು, ತೆಗೆದು ಸಹಿ ಹಾಕಿ ವಾಪಸ್ ಕಳುಹಿಸುತ್ತದೆ, ಆಮೇಲೆ ‘ಬಂದಿಲ್ಲ’ ಎನ್ನುವಂತಿಲ್ಲ. ವಾಲ್‌ಮಾರ್ಟ್ 2002ರಲ್ಲಿ ತನ್ನ ಸರಬರಾಜುದಾರರಿಗೆ ಎಎಸ್2 ಬಳಸಿ ಎಂದು ಹೇಳಿದ ಮೇಲೆ ಅದು ಎಲ್ಲೆಡೆ ಹರಡಿತು. ಎರಡನೆಯ ಬಗೆಗೆ ಎಕ್ಸ್12ರಲ್ಲಿ 997 ಎಂಬ ದಾಖಲೆ ಇದೆ. ಆರ್ಡರಿನ ಮಟ್ಟಿಗೆ ಮೂರನೆಯದಕ್ಕೆ 855. ನಮ್ಮಲ್ಲಿ ವಾಟ್ಸ್‌ಆ್ಯಪ್‌ನ ಎರಡು ನೀಲಿ ಗುರುತು ಕಂಡರೆ ಮೂರೂ ಆದಂತೆ ಎಂದು ತಿಳಿಯುವವರಿದ್ದಾರೆ. ಅದು ಮೊದಲನೆಯದೂ ಅಲ್ಲ. ಯಾರೋ ಒಬ್ಬರು ಆ ಮಾತುಕತೆಯನ್ನು ತೆರೆದರು ಎಂದಷ್ಟೇ ಅದರ ಅರ್ಥ. ಅವರ ಮಗ ತೆರೆದಿರಬಹುದು.

ಎರಡು ಜಾಲಗಳಿರುವಾಗ ಇದು ಇನ್ನೂ ಸಿಕ್ಕಾಗುತ್ತದೆ. ಪೆಪೋಲ್‌ನಲ್ಲೂ ಸಾಗಣೆಯ ರಸೀದಿ ಬರುವುದು ಗಿರಾಕಿಯ ಸೇವಾದಾರನಿಂದ, ಗಿರಾಕಿಯಿಂದಲ್ಲ. ಗಿರಾಕಿಯ ಬಾಯಿಂದಲೇ ಉತ್ತರ ಬೇಕೆಂದರೆ ಬಿಲ್ಲಿನ ಪ್ರತಿಕ್ರಿಯೆ ಎಂಬ ಬೇರೆಯೇ ದಾಖಲೆ ಇದೆ. ಸಿಕ್ಕಿದೆ, ಪರಿಶೀಲನೆಯಲ್ಲಿದೆ, ಪ್ರಶ್ನೆ ಇದೆ, ಷರತ್ತಿನ ಮೇಲೆ ಒಪ್ಪಿದ್ದೇವೆ, ತಿರಸ್ಕರಿಸಿದ್ದೇವೆ, ಒಪ್ಪಿದ್ದೇವೆ, ಹಣ ಕೊಟ್ಟಿದ್ದೇವೆ. ಈ ಏಳರಲ್ಲಿ ಒಂದನ್ನು ಗಿರಾಕಿ ಹೇಳಬಹುದು. ಹೇಳಲೇಬೇಕೆಂಬ ಕಟ್ಟುಪಾಡು ಎಲ್ಲ ಕಡೆ ಇಲ್ಲ, ಹಾಗಾಗಿ ಬಹಳ ಜನ ಹೇಳುವುದಿಲ್ಲ.

ಈ ಸಮಸ್ಯೆಯನ್ನು ಅದರ ನಿಜವಾದ ಹೆಸರಿನಿಂದ ಕರೆದವರು ಹಳಬರು. ಟೆಲಿಫೋನ್ ಇಲಾಖೆಗಳ ಅಂತರರಾಷ್ಟ್ರೀಯ ಒಕ್ಕೂಟ 1984ರಲ್ಲಿ ಎಕ್ಸ್.400 ಎಂಬ ಸಂದೇಶ ವ್ಯವಸ್ಥೆ ರೂಪಿಸಿತು. ಇವತ್ತಿನ ಇಮೇಲ್ ಅದನ್ನು ತಳ್ಳಿ ಮುಂದೆ ಹೋಯಿತು. 1990ರ ದಶಕದ ಆರಂಭದಲ್ಲಿ ವ್ಯಾಪಾರದ ದಾಖಲೆಗಳಿಗಾಗಿಯೇ ಅದಕ್ಕೆ ಎಕ್ಸ್.435 ಎಂಬ ಭಾಗ ಸೇರಿತು. ಅದರಲ್ಲಿ ಮೂರು ಬಗೆಯ ಮರುಸೂಚನೆಗಳಿದ್ದವು: ಹೊಣೆ ಹೊತ್ತಿದ್ದೇನೆ, ಹೊಣೆ ಹೊರಲಾರೆ, ಹೊಣೆಯನ್ನು ಮುಂದಿನವರಿಗೆ ದಾಟಿಸಿದ್ದೇನೆ. ಎಷ್ಟು ನೇರವಾದ ಮಾತು ನೋಡಿ! ಕಡತ ಎಲ್ಲಿದೆ ಎಂದು ಕೇಳುವುದನ್ನು ಬಿಟ್ಟು ಹೊಣೆ ಯಾರ ಮೇಲಿದೆ ಎಂದು ಕೇಳಿದರು. ಆ ವ್ಯವಸ್ಥೆ ಭಾರವಾಗಿತ್ತು, ದುಬಾರಿಯಾಗಿತ್ತು, ಇಂಟರ್ನೆಟ್ಟಿನ ಎದುರು ನಿಲ್ಲಲಿಲ್ಲ. ನನಗೆ ಅದರ ಬಗ್ಗೆ ಈಗಲೂ ಗೌರವವಿದೆ.

ಒಂದೇ ಬಿಲ್ಲು ಎರಡು ದಾರಿಯಲ್ಲಿ ಎರಡು ಸಲ ಬಂದರೆ? ರಸೀದಿ ಬರಲಿಲ್ಲವೆಂದು ಯಂತ್ರ ಮತ್ತೆ ಕಳುಹಿಸುತ್ತದೆ, ಆದ್ದರಿಂದ ಇದು ಆಗಿಯೇ ಆಗುತ್ತದೆ. ಆರ್ಡರ್ ಹೀಗೆ ಎರಡು ಸಲ ಬಂದರೆ ಎರಡು ಲಾರಿ ಹೊರಡುತ್ತವೆ. ಇದಕ್ಕೆ ನಮ್ಮ ದೇಶದ ಉತ್ತರ ಸೊಗಸಾಗಿದೆ. ಐಆರ್‌ಎನ್ ಎಂಬುದು ಯಾರೋ ಕೊಟ್ಟ ಕ್ರಮಸಂಖ್ಯೆಯಲ್ಲ. ಮಾರುವವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ, ಈ ನಾಲ್ಕನ್ನು ಸೇರಿಸಿ ಲೆಕ್ಕ ಹಾಕಿ ತೆಗೆದ ಬೆರಳಚ್ಚು. ಇ-ಇನ್‌ವಾಯ್ಸ್ ನೋಂದಾಯಿಸುವ ಪೋರ್ಟಲ್‌ಗಳು ಈಗ ಒಂದಕ್ಕಿಂತ ಹೆಚ್ಚಿವೆ. ಯಾವುದಕ್ಕೆ ಕಳುಹಿಸಿದರೂ ಅದೇ ಬಿಲ್ಲಿಗೆ ಅದೇ ಸಂಖ್ಯೆ ಬರುತ್ತದೆ, ಹಾಗಾಗಿ ಎರಡನೇ ಸಲ ಬಂದದ್ದು ತಕ್ಷಣ ಸಿಕ್ಕಿಬೀಳುತ್ತದೆ. ಜಾಲ ಯಾವುದಾದರೂ ದಾಖಲೆಯ ಗುರುತು ಬದಲಾಗಬಾರದು ಎಂಬುದನ್ನು ಇಷ್ಟು ಸರಳವಾಗಿ ಸಾಧಿಸಿರುವುದನ್ನು ಹೊಗಳಬೇಕು. ತೆರಿಗೆ ಇಲಾಖೆಯನ್ನು ಹೊಗಳುವ ಅವಕಾಶ ಪದೇ ಪದೇ ಬರುವುದಿಲ್ಲ.

ದಾಖಲೆಯ ಒಳಗಿನ ವಿಚಾರ ಹೇಳದೆ ಹೋದರೆ ಹತ್ತಿ ವ್ಯಾಪಾರದ ಈ ಊರಿಗೆ ಅಪಚಾರವಾದೀತು. ಲಕೋಟೆ ಸರಿಯಿದ್ದು, ರಸೀದಿ ಬಂದು, ಎಲ್ಲ ಸುಸೂತ್ರವಾದ ಮೇಲೂ ಅರ್ಥ ತಪ್ಪಬಹುದು. ಬಿಲ್ಲಿನಲ್ಲಿ ‘100 ಬೇಲ್’ ಎಂದಿದೆ. ನಮ್ಮಲ್ಲಿ ಹತ್ತಿಯ ಬೇಲ್ ಎಂದರೆ 170 ಕೆ.ಜಿ. ಅಮೆರಿಕದವರ ಲೆಕ್ಕದಲ್ಲಿ 480 ಪೌಂಡ್, ಸುಮಾರು 218 ಕೆ.ಜಿ. ನೂರು ಬೇಲ್‌ಗೆ ಅಂತರ ಸುಮಾರು 4,800 ಕೆ.ಜಿ. ಸಾಲದ್ದಕ್ಕೆ ನಾವು ದರ ಹೇಳುವುದು ಖಂಡಿಗೆ, ಅದು 356 ಕೆ.ಜಿ. ಜಿಎಸ್‌ಟಿಯ ಅಳತೆಗಳ ಪಟ್ಟಿಯಲ್ಲಿ ಬೇಲ್‌ಗೆ ಸಂಕೇತವಿದೆ, ಆ ಸಂಕೇತದ ಒಳಗೆ ಎಷ್ಟು ಕೆ.ಜಿ. ಎಂಬುದಿಲ್ಲ. ಎರಡು ಜಾಲಗಳು ಬೇಲ್ ಅನ್ನು ಬೇಲ್ ಎಂದೇ ನಿಷ್ಠೆಯಿಂದ ದಾಟಿಸುತ್ತವೆ. ಫೋನಿನಲ್ಲಿ ಮಾತಾಡುವಾಗ ಇದು ತೊಂದರೆಯಾಗುತ್ತಿರಲಿಲ್ಲ, ಏಕೆಂದರೆ ‘ಯಾವ ಬೇಲ್ ಸ್ವಾಮಿ?’ ಎಂದು ಕೇಳುವ ಮನುಷ್ಯ ಆ ಕಡೆ ಇದ್ದ. ಆದ್ದರಿಂದ ತೂಕವನ್ನು ಕೆ.ಜಿ.ಯಲ್ಲೇ ಕೊಡಿ, ಬೇಲ್ ಎಷ್ಟೆಂಬುದನ್ನು ಪಕ್ಕದಲ್ಲಿ ಬರೆಯಿರಿ.

ಮೆಕ್ಕೆಜೋಳದ ಗೆಳೆಯರಿಗೆ, ಎಪಿಎಂಸಿಯವರಿಗೆ ಒಂದು ಮಾತು ಬಾಕಿ ಇತ್ತು. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಬಂದಿತು, ಕೇಂದ್ರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ವೇದಿಕೆಯಾದ ಇ-ನಾಮ್ 2016ರಲ್ಲಿ. ಎರಡು ಬೇರೆ ಜಾಲಗಳು. 2020ರ ಮೇ ತಿಂಗಳಲ್ಲಿ ಒಂದೇ ಲಾಗಿನ್‌ನಿಂದ ಎರಡರಲ್ಲೂ ವ್ಯಾಪಾರ ಮಾಡುವ ಏರ್ಪಾಡನ್ನು ಘೋಷಿಸಿದರು. ಒಳ್ಳೆಯದೇ. ಆದರೆ ಒಂದೇ ಲಾಗಿನ್ ಎಂದರೆ ಒಬ್ಬ ವರ್ತಕ ಎರಡೂ ಅಂಗಳಕ್ಕೆ ಕಾಲಿಡಬಹುದು ಎಂದಷ್ಟೆ. ಒಂದು ಅಂಗಳದ ಲಾಟ್, ತೂಕದ ಚೀಟಿ, ಪಾವತಿಯ ದಾಖಲೆಗಳು ಮುಂದೆ ಗಿರಾಕಿಯ ಲೆಕ್ಕಕ್ಕೆ ತಾವಾಗಿಯೇ ಇಳಿಯಬೇಕೆಂದರೆ ವಿಳಾಸ, ರಸೀದಿ, ಹೊಣೆಯ ಪ್ರಶ್ನೆಗಳೇ ಮತ್ತೆ ಎದುರಾಗುತ್ತವೆ.

ಮಾತು ಮುಗಿದ ಮೇಲೆ ವಿದ್ಯಾರ್ಥಿಯೊಬ್ಬರು ಕೇಳಿದರು: ಯಾವ ಬ್ಯಾಂಕಿನಿಂದ ಯಾವ ಬ್ಯಾಂಕಿಗೂ ಯುಪಿಐನಲ್ಲಿ ಹಣ ಹೋಗುತ್ತದಲ್ಲ, ಬಿಲ್ಲಿಗೂ ಹಾಗೇ ಏಕೆ ಮಾಡಬಾರದು?

ಮಾಡಬಹುದು, ಆದರೆ ಎರಡು ವ್ಯತ್ಯಾಸಗಳಿವೆ. ಯುಪಿಐನಲ್ಲಿ ನಡುವೆ ಒಂದೇ ಸ್ವಿಚ್ ಇದೆ, ಅದನ್ನು ರಾಷ್ಟ್ರೀಯ ಪಾವತಿ ನಿಗಮವಾದ ಎನ್‌ಪಿಸಿಐ ನಡೆಸುತ್ತದೆ. ಎಲ್ಲ ಬ್ಯಾಂಕುಗಳೂ ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿವೆ. ನಿಯಮ ಹೇರುವುದು ಸುಲಭ. ದೊಡ್ಡ ವ್ಯತ್ಯಾಸ ಇನ್ನೊಂದು. 500 ರೂಪಾಯಿ ತಲುಪಿದರೆ ಕತೆ ಮುಗಿಯಿತು, ಅದು 500 ಹೌದೋ ಅಲ್ಲವೋ ಎಂದು ಯಾರೂ ವಾದಿಸುವುದಿಲ್ಲ. ಬಿಲ್ಲು ತಲುಪಿದಾಗ ಕತೆ ಶುರುವಾಗುತ್ತದೆ. ಮೂರು ಡಬ್ಬಿ ಸೋರಿವೆ, ದರ ಹಾಗೆ ಮಾತಾಡಿರಲಿಲ್ಲ, ಸರಕು ತಡವಾಗಿ ಬಂತು. ಈ ಉತ್ತರಗಳೂ ದಾಖಲೆಗಳೇ, ಅವೂ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಜಿಎಸ್‌ಟಿ ಪೋರ್ಟಲಿನಲ್ಲಿ 2024ರ ಅಕ್ಟೋಬರ್‌ನಲ್ಲಿ ಬಂದ ಐಎಂಎಸ್ ಎಂಬ ಬಿಲ್ಲು ನಿರ್ವಹಣಾ ವ್ಯವಸ್ಥೆ ಈ ದಿಕ್ಕಿನ ಸಣ್ಣ ಹೆಜ್ಜೆ. ಅಲ್ಲಿ ಗಿರಾಕಿ ಬಿಲ್ಲನ್ನು ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಏನೂ ಮಾಡದಿದ್ದರೆ ಒಪ್ಪಿದಂತೆ. ಆದರೆ ಅದು ತೆರಿಗೆ ಜಮೆಯ ಲೆಕ್ಕಕ್ಕೆ ಇರುವ ಏರ್ಪಾಡು, ವ್ಯಾಪಾರದ ಒಪ್ಪಿಗೆಗೆ ಅಲ್ಲ.

ಎರಡನೇ ಪ್ರಶ್ನೆ ಎಣ್ಣೆ ಗಿರಣಿಯವರೊಬ್ಬರದು. ನನ್ನ ಸೇವಾದಾರನ ವರದಿಯಲ್ಲಿ ಬಿಲ್ಲು ತಲುಪಿದೆ ಎಂದಿದೆ, ಗಿರಾಕಿ ಬಂದಿಲ್ಲ ಎನ್ನುತ್ತಾನೆ, ಕಾನೂನು ಯಾರ ಪರ?

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ 12 ಮತ್ತು 13ನೇ ಕಲಮುಗಳನ್ನು ಓದಿ ಎಂದೆ. ಗಿರಾಕಿ ತನ್ನ ದಾಖಲೆಗಳಿಗೆಂದು ಒಂದು ಕಂಪ್ಯೂಟರ್ ವ್ಯವಸ್ಥೆಯನ್ನು ಗೊತ್ತುಪಡಿಸಿದ್ದರೆ, ದಾಖಲೆ ಅದರೊಳಗೆ ಹೋದ ಗಳಿಗೆಯೇ ತಲುಪಿದ ಗಳಿಗೆ. ಅವನು ನೋಡಿದನೋ ಇಲ್ಲವೋ ಬೇಕಾಗಿಲ್ಲ. ಗೊತ್ತುಪಡಿಸಿದ್ದು ಒಂದು, ನೀವು ಕಳುಹಿಸಿದ್ದು ಇನ್ನೊಂದಕ್ಕೆ ಎಂದಾದರೆ ಅವನು ಅದನ್ನು ತೆಗೆದುಕೊಂಡಾಗಲೇ ತಲುಪಿದಂತೆ. ಹಾಗಾಗಿ ಗಿರಾಕಿಯ ಜಾಲದಲ್ಲಿರುವ ಪೆಟ್ಟಿಗೆಯ ಗುರುತನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ರಸೀದಿ ಬಂದರೆ ಮಾತ್ರ ಈ ದಾಖಲೆಗೆ ಬೆಲೆ ಎಂದು ನೀವೇ ಷರತ್ತು ಹಾಕಿದ್ದರೆ, ರಸೀದಿ ಬರದ ದಾಖಲೆಯನ್ನು ಕಾನೂನು ಕಳುಹಿಸಿಯೇ ಇಲ್ಲವೆಂದು ಎಣಿಸುತ್ತದೆ. ಐಎಂಎಸ್‌ನಲ್ಲಿ ಮೌನ ಎಂದರೆ ಒಪ್ಪಿಗೆ, ಇಲ್ಲಿ ಮೌನ ಎಂದರೆ ಏನೂ ಆಗಿಲ್ಲ. ಯಾವ ಷರತ್ತು ಬೇಕೆಂದು ಯೋಚಿಸಿ ಬರೆಯಿರಿ.

ಕರಾರು ಎಂಬುದೇ ಇಲ್ಲ, ಎಲ್ಲ ಫೋನಿನ ಮಾತು ಎಂದರು ಅವರು. ರಸೀದಿ ಹೇಗಿರಬೇಕೆಂದು ಮಾತಾಗಿರದಿದ್ದರೆ ಗಿರಾಕಿಯ ನಡವಳಿಕೆಯೇ ರಸೀದಿಯಾಗಬಹುದು ಎಂದೂ 12ನೇ ಕಲಮು ಹೇಳುತ್ತದೆ. ಅವನು ಆ ಬಿಲ್ಲಿನ ಸಂಖ್ಯೆ ಹೇಳಿ ಸ್ವಲ್ಪ ಹಣ ಕೊಟ್ಟಿದ್ದಾನೆಯೇ, ಸೋರಿದ ಡಬ್ಬಿಗಳ ಬಗ್ಗೆ ಸಂದೇಶ ಕಳುಹಿಸಿದ್ದಾನೆಯೇ, ಐಎಂಎಸ್‌ನಲ್ಲಿ ಒಪ್ಪಿಗೆ ಒತ್ತಿದ್ದಾನೆಯೇ ಎಂದು ಮೊದಲು ನೋಡಿಕೊಳ್ಳಿ, ಸಿಕ್ಕಿದ್ದನ್ನು ಮುದ್ರಿಸಿ ಇಟ್ಟುಕೊಳ್ಳಿ, ಆಮೇಲೆ ವಕೀಲರ ಹತ್ತಿರ ಹೋಗಿ ಎಂದೆ. ಅದಕ್ಕೆ ಎಷ್ಟು ತೂಕ ಕೊಡಬೇಕೆಂಬುದು ನ್ಯಾಯಾಧೀಶರಿಗೆ ಬಿಟ್ಟದ್ದು.